ಬೀಗ ಬೀಳಬೇಕಾದದ್ದು ಖಜಾನೆಗೆ

ಮಳೆಗಾಲದಲ್ಲಿ ಅಂಜನಾಪುರ ಜಲಾಶಯ ತುಂಬಿತೆಂದರೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ ಕಡೆಯ ಜನರಿಗೆ ಅದೊಂದು ಜಾತ್ರೆ. ಕುಮುದ್ವತಿಯ ನೀರು ಕೋಡಿ ಬಿದ್ದು ಹರಿಯುವುದನ್ನು ನೋಡಲು ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ಮಂಡಕ್ಕಿ, ಮಿರ್ಚಿ ತಿಂದು ಹೋಗುತ್ತಾರೆ. ಅಂಥದೊಂದು ಸಂಜೆ ಏರಿಯ ಹತ್ತಿರ ನಾವು ಕಂಡ ದೃಶ್ಯವಿದು. ಹದಿನಾರು, ಹದಿನೇಳರ ಏಳೆಂಟು ಹುಡುಗರು ಬೈಕಿನ ಸೀಟಿನ ಮೇಲೆ ಕೇಕ್ ಇಟ್ಟುಕೊಂಡು ನಿಂತಿದ್ದರು. ಹುಟ್ಟುಹಬ್ಬದ ಹುಡುಗನ ಕೈಯಲ್ಲಿ ಮಚ್ಚು. ಇನ್ನೊಬ್ಬನ ಮೊಬೈಲಿನಲ್ಲಿ ಯಾವುದೋ ಸಿನೆಮಾದ ಡೈಲಾಗು ಜೋರಾಗಿ ಮೊಳಗುತ್ತಿತ್ತು. ಕೇಕಿಗೆ ಮಚ್ಚು ಯಾಕಪ್ಪಾ ಎಂದು ಕೇಳಿದರೆ, ‘ಸುಮ್ನೆ ಸಾರ್, ರೀಲ್ಸಿಗೆ’ ಎಂದ ಒಬ್ಬ. ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನಿಂತು ನೋಡಿ, ‘ಆ ಕತ್ತಿ ನನಗ ಕೊಡ್ರೋ, ನಾಳೆ ಹುಲ್ಲು ಕೊಯ್ಯಾಕ ಬರ್ತೈತಿ. ನಿಮ್ಮ ಕೈಯಾಗಿದ್ದು ಏನ್ ಮಾಡ್ತೈತಿ’ ಎಂದರು. ಹುಡುಗರೆಲ್ಲ ಕಿಸಕ್ಕನೆ ನಕ್ಕರು. ಮಚ್ಚು ಹಿಡಿದಿದ್ದವನ ಮುಖ ಕೆಂಪಾಯಿತು. ಅವನು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಪೊಲೀಸರ ಲಾಠಿ, ಮೇಷ್ಟರ ಬುದ್ಧಿವಾದ, ಶುಕ್ರವಾರದ ಪ್ರವಚನ ಇವು ಯಾವುವೂ ಮಾಡಲಾಗದ ಕೆಲಸವನ್ನು ಒಂದು ನಗೆ ಮಾಡಿತು. ಮಚ್ಚು ಹಿಡಿದವನು ಹೀರೋ ಅಲ್ಲ, ಹುಲ್ಲು ಕೊಯ್ಯಲೂ ಬಾರದ ಹುಡುಗ ಎಂದು ಆ ಅಜ್ಜಿ ಒಂದೇ ಮಾತಿನಲ್ಲಿ ತೋರಿಸಿಬಿಟ್ಟರು. ನಮ್ಮ ಪ್ರಶ್ನೆ ಇಷ್ಟೇ. ಮೂವತ್ತು ವರ್ಷಗಳಿಂದ ಲಾಂಗು, ಮಚ್ಚು ತೋರಿಸುತ್ತಲೇ ಬಂದಿರುವ ಕನ್ನಡ ಸಿನೆಮಾಕ್ಕೆ ಈ ಅಜ್ಜಿಯ ನಗೆ ಯಾಕೆ ದಕ್ಕಲಿಲ್ಲ?

ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ನಗೆ

ಈ ನಗೆಯನ್ನು ಬಂಡವಾಳ ಮಾಡಿಕೊಂಡ ಸಿನೆಮಾವೊಂದಿದೆ. ಅಮೆರಿಕದ ಕಪ್ಪು ಜನಾಂಗದ ನಿರ್ದೇಶಕ ಸ್ಪೈಕ್ ಲೀ 2015ರಲ್ಲಿ ತೆರೆಗೆ ತಂದ ‘ಶೈ-ರಾಕ್’. ಷಿಕಾಗೊ ಮತ್ತು ಇರಾಕ್ ಎರಡನ್ನೂ ಬೆಸೆದ ಹೆಸರಿದು. ಊರಿನ ಮರ್ಯಾದೆ ಹೋಗುತ್ತದೆಂದು ಅಂದಿನ ಷಿಕಾಗೊ ಮೇಯರ್ ಈ ಹೆಸರಿಗೆ ಆಕ್ಷೇಪವೆತ್ತಿದ್ದರು. ಹಾಗೆ ಕರೆದದ್ದು ಯಾಕೆಂದು ಸಿನೆಮಾ ಮೊದಲಿಗೇ ಲೆಕ್ಕ ಕೊಡುತ್ತದೆ. 2001ರಿಂದ 2015ರವರೆಗೆ ಆ ಒಂದು ನಗರದಲ್ಲಿ ಕೊಲೆಯಾದವರು ಏಳು ಸಾವಿರಕ್ಕೂ ಹೆಚ್ಚು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಸತ್ತ ಅಮೆರಿಕನ್ ಸೈನಿಕರನ್ನು ಕೂಡಿಸಿದರೂ ಇಷ್ಟಾಗುವುದಿಲ್ಲ. ಈ ಲೆಕ್ಕದಲ್ಲಿ ಅಮೆರಿಕದ ಬಾಂಬಿಗೆ ಸತ್ತ ಇರಾಕಿಗಳು ಬರುವುದಿಲ್ಲ ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಆದರೆ ತನ್ನ ಊರಿನ ಹೆಣಗಳನ್ನು ಎಣಿಸುವ ಧೈರ್ಯ ಆ ಸಿನೆಮಾಕ್ಕಿದೆ ಎಂಬುದೂ ನಿಜ.

ಕಥೆ ಹೊಸದಲ್ಲ. ಗ್ರೀಸಿನ ಹಾಸ್ಯ ನಾಟಕಕಾರ ಅರಿಸ್ಟೋಫನೀಸ್ ಕ್ರಿಸ್ತಪೂರ್ವ 411ರಲ್ಲಿ ಬರೆದ ‘ಲಿಸಿಸ್ಟ್ರಾಟ’ ನಾಟಕವೇ ಇದರ ಮೂಲ. ಅಥೆನ್ಸ್ ಮತ್ತು ಸ್ಪಾರ್ಟಗಳ ನಡುವೆ ಆಗ ಇಪ್ಪತ್ತು ವರ್ಷಗಳಿಂದ ಯುದ್ಧ ನಡೆದಿತ್ತು. ಎರಡು ವರ್ಷ ಹಿಂದಷ್ಟೇ ಸಿಸಿಲಿಯಲ್ಲಿ ಅಥೆನ್ಸಿನ ಸೈನ್ಯವೆಲ್ಲ ನಾಶವಾಗಿತ್ತು. ಮನೆಮನೆಯಲ್ಲೂ ಸಾವು. ಆಗ ಲಿಸಿಸ್ಟ್ರಾಟ ಎಂಬ ಹೆಣ್ಣು ಶತ್ರು ರಾಜ್ಯದ ಹೆಂಗಸರನ್ನೂ ಕರೆಸಿ ಪ್ರತಿಜ್ಞೆ ಮಾಡಿಸುತ್ತಾಳೆ. ಯುದ್ಧ ನಿಲ್ಲುವವರೆಗೂ ಗಂಡಂದಿರನ್ನು ಯಾರೂ ಹತ್ತಿರ ಸೇರಿಸಕೂಡದು! ಸ್ಪೈಕ್ ಲೀ ಸಿನೆಮಾದಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಗಳ ಜಾಗಕ್ಕೆ ಷಿಕಾಗೊದ ಎರಡು ಗ್ಯಾಂಗುಗಳು ಬರುತ್ತವೆ, ಸ್ಪಾರ್ಟನ್ನರು ಮತ್ತು ಟ್ರೋಜನ್ನರು. ಅವರ ಗುಂಡಿಗೆ ಬೀದಿಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಬಲಿಯಾಗುತ್ತಾಳೆ. ಗ್ಯಾಂಗಿನ ಹುಡುಗರ ಹೆಂಡಂದಿರು, ಗೆಳತಿಯರು ಒಂದಾಗುತ್ತಾರೆ. ಮಾತೆಲ್ಲ ಪ್ರಾಸಬದ್ಧ. ಅತ್ತು ಕರೆಯಬೇಕಾದ ಜಾಗದಲ್ಲಿ ನಗಿಸುತ್ತಾರೆ. ಆ ಮಗುವಿನ ತಾಯಿ ಬಕೆಟ್ಟು, ಬ್ರಷ್ಷು ಹಿಡಿದು ರಸ್ತೆಯ ಮೇಲಿನ ರಕ್ತ ತಿಕ್ಕಿ ತೊಳೆಯುವ ದೃಶ್ಯದಲ್ಲಿ ಆ ನಗೆ ಗಂಟಲಲ್ಲೇ ನಿಂತುಬಿಡುತ್ತದೆ. ಆ ಪಾತ್ರ ಮಾಡಿದ ಜೆನ್ನಿಫರ್ ಹಡ್ಸನ್ 2008ರಲ್ಲಿ ಅದೇ ಷಿಕಾಗೊದಲ್ಲಿ ತಮ್ಮ ತಾಯಿ, ಅಣ್ಣ ಮತ್ತು ಅಕ್ಕನ ಮಗನನ್ನು ಗುಂಡಿಗೆ ಕಳೆದುಕೊಂಡವರು.

ನಮ್ಮ ಸಿನೆಮಾದ ತಾಯಂದಿರು

ಈಗ ನಮ್ಮ ಕಡೆ ತಿರುಗೋಣ. 1995ರಲ್ಲಿ ಉಪೇಂದ್ರ ನಿರ್ದೇಶನದ ‘ಓಂ’ ಬಂತು. ಪುರೋಹಿತರ ಮಗನೊಬ್ಬ ರೌಡಿಯಾಗುವ ಕಥೆ. ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡಿದ್ದಾರೆಂಬುದು ಅದರ ಹೆಗ್ಗಳಿಕೆಯೂ ಆಯಿತು, ಪ್ರಚಾರವೂ ಆಯಿತು. 2005ರಲ್ಲಿ ಪ್ರೇಮ್ ಅವರ ‘ಜೋಗಿ’ ಬಂತು. 2007ರಲ್ಲಿ ‘ಆ ದಿನಗಳು’ ಮತ್ತು ‘ದುನಿಯಾ’ ಬಂದವು. 2018 ಮತ್ತು 2022ರಲ್ಲಿ ‘ಕೆಜಿಎಫ್’ನ ಎರಡು ಭಾಗಗಳು ದೇಶವನ್ನೆಲ್ಲ ಸುತ್ತಿ ಬಂದವು. ಇವೆಲ್ಲ ಕೆಟ್ಟ ಸಿನೆಮಾಗಳೆಂದು ನಾವು ಹೇಳುತ್ತಿಲ್ಲ. ಕೆಲವನ್ನು ಕಣ್ಣೀರಿಟ್ಟು ನೋಡಿದ್ದೇವೆ. ಆದರೆ ಇವುಗಳಲ್ಲಿ ತಾಯಿಗೆ ಏನು ಕೆಲಸ ಕೊಟ್ಟಿದ್ದಾರೆ ನೋಡಿ. ‘ಜೋಗಿ’ಯ ತಾಯಿ ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬರುತ್ತಾಳೆ, ಅಲೆಯುತ್ತಾಳೆ, ಸಾಯುತ್ತಾಳೆ. ಅದು ತನ್ನ ತಾಯಿಯ ಹೆಣವೆಂದು ತಿಳಿಯದೆ ಮಗ ಅದರ ಮುಂದೆ ಕುಣಿಯುತ್ತಾನೆ. ‘ಕೆಜಿಎಫ್’ನಲ್ಲಿ ಸಾಯುವ ತಾಯಿಯೇ ಮಗನಿಂದ ಮಾತು ತೆಗೆದುಕೊಳ್ಳುತ್ತಾಳೆ: ಹೇಗಾದರೂ ಬದುಕು, ಸಾಯುವಾಗ ಮಾತ್ರ ಶ್ರೀಮಂತನಾಗಿ ಸಾಯಿ ಎಂದು. ಆಮೇಲೆ ಬೀಳುವ ಹೆಣಗಳಿಗೆಲ್ಲ ತಾಯಿಯ ಮಾತೇ ಲೈಸೆನ್ಸು.

ಅಂದರೆ ನಮ್ಮ ರೌಡಿ ಸಿನೆಮಾಗಳಲ್ಲಿ ತಾಯಿ ಒಂದೋ ಕಣ್ಣೀರು, ಇಲ್ಲವೇ ಸಮರ್ಥನೆ. ಅವಳು ಕೊಲೆಗಾರನ ಕೈ ಹಿಡಿದು ‘ಸಾಕು’ ಎನ್ನುವ ನಾಗರಿಕಳಲ್ಲ. ಸತ್ತವನಿಗೂ ಒಬ್ಬ ತಾಯಿ ಇದ್ದಳೆಂಬುದಂತೂ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಹೀರೋ ಒಂದೇ ಏಟಿಗೆ ಇಪ್ಪತ್ತು ಜನರನ್ನು ಉರುಳಿಸುತ್ತಾನಲ್ಲ, ಆ ಇಪ್ಪತ್ತು ಮನೆಗಳಲ್ಲಿ ಆ ರಾತ್ರಿ ಏನಾಯಿತು? ಷಿಕಾಗೊದ ಆ ತಾಯಿ ತೊಳೆದ ರಕ್ತ ಹೀರೋನ ರಕ್ತವಲ್ಲ, ಪ್ರೇಕ್ಷಕ ಹೆಸರೇ ಕೇಳದ ಒಂದು ಮಗುವಿನದು. ಎರಡು ಸಿನೆಮಾಗಳ ವ್ಯತ್ಯಾಸವಿರುವುದು ಇಲ್ಲಿ.

‘ಸಮಾಜದಲ್ಲಿರುವುದನ್ನೇ ತೋರಿಸುತ್ತೇವೆ, ನಾವು ಕನ್ನಡಿ’ ಎಂಬುದು ಸಿನೆಮಾದವರ ಹಳೆಯ ಉತ್ತರ. ಕೊನೆಯ ಐದು ನಿಮಿಷದಲ್ಲಿ ರೌಡಿ ಸಾಯುತ್ತಾನೆ, ಆದ್ದರಿಂದ ನೀತಿಯೂ ಇದೆ ಎಂಬುದು ಇನ್ನೊಂದು. ಎರಡು ಗಂಟೆ ಇಪ್ಪತ್ತೈದು ನಿಮಿಷ ಸ್ಲೋ ಮೋಷನ್ನಿನಲ್ಲಿ ನಡೆಸಿ, ಹಿನ್ನೆಲೆ ಸಂಗೀತ ಕೊಟ್ಟು, ಹೆಣ್ಣುಗಳಿಂದ ಪ್ರೀತಿ ಮಾಡಿಸಿ, ಬಡವರಿಂದ ಕಾಲು ಮುಟ್ಟಿಸಿ, ಕೊನೆಯ ಐದು ನಿಮಿಷ ಸಾಯಿಸಿದರೆ ಅದು ನೀತಿಯಲ್ಲ ಸ್ವಾಮೀ, ಹುತಾತ್ಮ ಪಟ್ಟ! ಇನ್ನು ಕನ್ನಡಿಯ ಮಾತು. ಕನ್ನಡಿ ಯಾರನ್ನೂ ಎತ್ತರವಾಗಿ ತೋರಿಸುವುದಿಲ್ಲ. ನಮ್ಮ ಊರಿನ ನಿಜವಾದ ರೌಡಿಯನ್ನು ನೋಡಿದವರಿಗೆ ಗೊತ್ತು. ಆತ ಕೋರ್ಟು ಕಚೇರಿ ಅಲೆದು ಸುಸ್ತಾದವನು, ರಾತ್ರಿ ಬಾಗಿಲು ಬಡಿದರೆ ಬೆಚ್ಚುವವನು, ರೌಡಿ ಶೀಟಿನಿಂದ ಹೆಸರು ತೆಗೆಸಲು ಯಾರ್ಯಾರ ಮನೆ ಬಾಗಿಲಿಗೋ ಹೋಗುವವನು. ಆ ಕನ್ನಡಿಯನ್ನು ಯಾಕೆ ಹಿಡಿಯುವುದಿಲ್ಲ?

ಅದರ ಫಲವನ್ನು ಈಗ ಉಣ್ಣುತ್ತಿದ್ದೇವೆ. 2024ರ ಜೂನ್‌ನಲ್ಲಿ ಕನ್ನಡದ ಜನಪ್ರಿಯ ನಟರೊಬ್ಬರು ಕೊಲೆ ಪ್ರಕರಣವೊಂದರಲ್ಲಿ ಆರೋಪಿಯಾಗಿ ಜೈಲು ಸೇರಿದರು. ತಪ್ಪಿತಸ್ಥರು ಹೌದೋ ಅಲ್ಲವೋ ಎಂದು ಹೇಳಬೇಕಾದದ್ದು ನ್ಯಾಯಾಲಯ, ನಾವಲ್ಲ. ಆದರೆ ಆ ದಿನಗಳಲ್ಲಿ ಅಭಿಮಾನಿಗಳು ಪುಟ್ಟ ಮಗುವಿಗೆ ಕೈದಿಯ ನಂಬರು ಬರೆದ ಬಟ್ಟೆ ತೊಡಿಸಿ ಫೋಟೊ ತೆಗೆಸಿದರಲ್ಲ, ಅದರ ತೀರ್ಪನ್ನು ಯಾವ ನ್ಯಾಯಾಲಯ ಕೊಡಬೇಕು? ಹೆತ್ತವರ ಕೈಯೇ ಆ ಬಟ್ಟೆಯ ಗುಂಡಿ ಹಾಕಿತ್ತಲ್ಲ!

ಹೆಣ್ಣಿನ ಹೆಗಲ ಮೇಲೆ ಇನ್ನೊಂದು ಹೊರೆ

ಹಾಗಾದರೆ ಗ್ರೀಕ್ ಉಪಾಯವೇ ಮದ್ದೇ? ಅಲ್ಲ. ಇಲ್ಲಿ ನಮಗೆ ಸ್ಪೈಕ್ ಲೀ ಜೊತೆಗೂ ಜಗಳವಿದೆ. ಗಂಡಸರು ಕೊಲ್ಲುತ್ತಾರೆ, ಅವರನ್ನು ನಿಲ್ಲಿಸುವ ಹೊಣೆ ಮಾತ್ರ ಹೆಣ್ಣಿನ ಮೈಮೇಲೆ ಎಂದರೆ ಏನರ್ಥ? ಷಿಕಾಗೊದವರೇ ಆದ ಗಾಯಕ ಚಾನ್ಸ್ ದ ರ್‍ಯಾಪರ್ ಆ ಸಿನೆಮಾವನ್ನು ಇದೇ ಕಾರಣಕ್ಕೆ ಕಟುವಾಗಿ ಟೀಕಿಸಿದ್ದರು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು, ನೀನು ಗಂಡನಿಗೆ ಬಾಗಿಲು ಹಾಕಿದ್ದರೆ ಇದು ಆಗುತ್ತಿರಲಿಲ್ಲ ಎನ್ನಲಾದೀತೆ?

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ನಮ್ಮ ದೇಶದಲ್ಲಿ ಬಾಗಿಲು ಹಾಕುವ ಹಕ್ಕು ಹೆಂಡತಿಗೆ ಇದೆಯೇ ಎಂಬುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ನೋಡಿ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡ ಮಾಡುವ ಬಲವಂತ ಅತ್ಯಾಚಾರವಲ್ಲ ಎಂಬ ವಿನಾಯಿತಿ ಅದರಲ್ಲಿದೆ. ಬ್ರಿಟಿಷರ ಕಾಲದಲ್ಲಿ ಬಂದ ಈ ವಿನಾಯಿತಿಗೆ ಕಾನೂನಿನ ಹೆಸರು ಬದಲಾದರೂ ಏನೂ ಆಗಲಿಲ್ಲ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಗೊಳಿಸಲು ಒಪ್ಪದೆ ದಿಟ್ಟತನ ತೋರಿತು. ಆ ವರ್ಷವೇ ಅದಕ್ಕೆ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. ‘ಇಲ್ಲ’ ಎಂಬ ಮಾತಿಗೆ ಬೆಲೆಯೇ ಇಲ್ಲದ ಮನೆಯಲ್ಲಿ ಲಿಸಿಸ್ಟ್ರಾಟಳ ಪ್ರತಿಜ್ಞೆ ತಮಾಷೆಯಾಗಿ ಉಳಿಯುವುದಿಲ್ಲ, ಏಟು ತಿನ್ನುವ ದಾರಿಯಾಗುತ್ತದೆ. ಅರಿಸ್ಟೋಫನೀಸನಿಗೂ ಇದು ಗೊತ್ತಿತ್ತು. ಬಲವಂತವಾಗಿ ಎಳೆದುಕೊಂಡು ಹೋದರೆ, ಹೊಡೆದರೆ ಏನು ಮಾಡುವುದು ಎಂದು ನಾಟಕದ ಹೆಂಗಸೊಬ್ಬಳು ಕೇಳಿಯೇ ಕೇಳುತ್ತಾಳೆ. ಆ ಮಾತಿಗೂ ಸಭೆ ನಕ್ಕಿರಬೇಕು. ಹೆಣ್ಣಿನ ಪಾತ್ರಗಳನ್ನೂ ಗಂಡಸರೇ ಕಟ್ಟುತ್ತಿದ್ದ ರಂಗಭೂಮಿಯದು.

ಜಗತ್ತಿನಲ್ಲಿ ಈ ಉಪಾಯವನ್ನು ನಿಜವಾಗಿಯೂ ಮಾಡಿ ನೋಡಿದವರಿದ್ದಾರೆ. 2006ರಲ್ಲಿ ಕೊಲಂಬಿಯಾದ ಪೆರೇರಾ ನಗರದಲ್ಲಿ ಗ್ಯಾಂಗಿನವರ ಹೆಂಡಂದಿರು, ಗೆಳತಿಯರು ಆಯುಧ ಕೆಳಗಿಡಿ ಎಂದು ಇಂಥದೇ ಮುಷ್ಕರ ಹೂಡಿದರು. 2003ರಲ್ಲಿ ಲೈಬೀರಿಯಾದಲ್ಲಿ ಲೇಮಾ ಬೋವಿ ಅವರ ಮುಂದಾಳತ್ವದಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಒಟ್ಟಾಗಿ ಬಿಳಿ ಬಟ್ಟೆ ತೊಟ್ಟು ಬೀದಿಗಿಳಿದರು. ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಪತ್ರಿಕೆಗಳು ಬರೆದದ್ದು ಹಾಸಿಗೆಯ ಮುಷ್ಕರದ ಬಗ್ಗೆ. ಬೋವಿ ಅವರೇ ಹೇಳಿಕೊಂಡಿರುವ ಪ್ರಕಾರ ಅದರಿಂದ ಸಿಕ್ಕಿದ್ದು ಪ್ರಚಾರ ಮಾತ್ರ. ಕೆಲಸ ಮಾಡಿದ್ದು ಬೇರೆ. ಬಿಸಿಲಿರಲಿ ಮಳೆಯಿರಲಿ ದಿನವೂ ಮೈದಾನದಲ್ಲಿ ಕುಳಿತರು. ಘಾನಾದಲ್ಲಿ ಶಾಂತಿ ಮಾತುಕತೆ ನಡೆಯುತ್ತಿದ್ದ ಕಟ್ಟಡದ ಬಾಗಿಲಿಗೆ ಅಡ್ಡ ಕುಳಿತು, ಒಪ್ಪಂದವಾಗದೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಮಸೀದಿಯ ಹೆಂಗಸರು, ಚರ್ಚಿನ ಹೆಂಗಸರು ಒಂದೇ ಚಾಪೆಯ ಮೇಲೆ ಕುಳಿತದ್ದೇ ಆ ಯುದ್ಧಕೋರರಿಗೆ ನುಂಗಲಾರದ ತುತ್ತಾಯಿತು.

ಎಲ್ಲರೂ ಮರೆತ ಅರ್ಧ

ಲಿಸಿಸ್ಟ್ರಾಟ ಎಂದ ಕೂಡಲೇ ಎಲ್ಲರೂ ಪ್ರತಿಜ್ಞೆಯನ್ನು ನೆನೆದು ಮುಸಿ ಮುಸಿ ನಗುತ್ತಾರೆ. ನಾಟಕದ ಇನ್ನರ್ಧವನ್ನು ಮರೆಯುತ್ತಾರೆ. ಎಳೆಯ ಹೆಂಗಸರು ಪ್ರತಿಜ್ಞೆ ಮಾಡುತ್ತಿರುವಾಗಲೇ ಮುದುಕಿಯರ ದಂಡೊಂದು ಹೋಗಿ ಅಥೆನ್ಸಿನ ಕೋಟೆಯನ್ನು ಹಿಡಿದುಬಿಡುತ್ತದೆ. ಕೋಟೆ ಯಾಕೆ? ಖಜಾನೆ ಇರುವುದು ಅಲ್ಲಿ. ಹಡಗಿನ ಹುಟ್ಟುಗಳಿಗೆ ಮರ ಕೊಳ್ಳಬೇಕು, ಹಣ ಕೊಡಿ ಎಂದು ಅಧಿಕಾರಿ ಬರುತ್ತಾನೆ. ಬಾಗಿಲಿಗೆ ಬೀಗ! ಹಣವಿದ್ದರೆ ತಾನೇ ಯುದ್ಧ ಎನ್ನುತ್ತಾಳೆ ಲಿಸಿಸ್ಟ್ರಾಟ. ಮನೆಯ ಹಣಕಾಸು ನೋಡಿಕೊಳ್ಳುವ ನಮಗೆ ರಾಜ್ಯದ ಹಣ ನೋಡಿಕೊಳ್ಳಲು ಬರುವುದಿಲ್ಲವೇ ಎಂದು ಕೇಳುತ್ತಾಳೆ. ರಾಜ್ಯವಾಳುವುದು ಉಣ್ಣೆಯ ಕೆಲಸದಂತೆ ಎಂದು ಅವನಿಗೆ ಪಾಠ ಹೇಳುತ್ತಾಳೆ. ಕೊಳೆ ತೊಳೆಯಬೇಕು, ಮುಳ್ಳು ಕಸ ಆರಿಸಬೇಕು, ಊರವರು, ಹೊರಗಿನಿಂದ ಬಂದು ನೆಲೆಸಿದವರು, ಸಾಲಗಾರರು ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ನೂತು, ಜನರಿಗೆ ಹೊದೆಯಲು ಒಂದು ಕಂಬಳಿ ನೇಯಬೇಕು. ಇವನು ನಮ್ಮವನು, ಅವನು ಹೊರಗಿನವನು ಎಂದು ಎಳೆ ಬೇರೆ ಮಾಡುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಸ್ಪೈಕ್ ಲೀ ಸಿನೆಮಾದ ದೊಡ್ಡ ಸೋಲು ಇಲ್ಲಿದೆ ಎಂದು ನಮ್ಮ ಅಭಿಪ್ರಾಯ. ಅವರ ಹೆಂಗಸರು ಹಿಡಿಯುವುದು ಖಜಾನೆಯನ್ನಲ್ಲ, ಸೈನ್ಯದ ಆಯುಧಾಗಾರವನ್ನು. ಬಂದೂಕು ಕಣ್ಣಿಗೆ ಕಾಣುತ್ತದೆ, ಅದರ ಹಿಂದಿನ ಹಣ ಕಾಣುವುದಿಲ್ಲ. ಗ್ಯಾಂಗು ಎನ್ನುವುದು ಸಿಟ್ಟಿನಿಂದ ನಡೆಯುವುದಲ್ಲ, ದುಡ್ಡಿನಿಂದ ನಡೆಯುವುದು. ಬೆಂಗಳೂರಿನಲ್ಲಿ ಸೈಟು, ಕಟ್ಟಡ, ಬಡ್ಡಿ ವಸೂಲಿ. ನಮ್ಮ ಮಲೆನಾಡಿನ ಅಂಚಿನಲ್ಲಿ ಮರಳು, ಇಸ್ಪೀಟು, ಮಟ್ಕಾ. ಚುನಾವಣೆ ಬಂದರೆ ಎಲ್ಲ ಕಡೆ ಒಂದೇ. 1985ರ ಗೂಂಡಾ ಕಾಯ್ದೆ ಇದೆ, 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ ಇದೆ. ಅವು ಮಚ್ಚು ಹಿಡಿದ ಹುಡುಗನನ್ನು ಹಿಡಿಯುತ್ತವೆ. ಮಚ್ಚಿಗೆ ದುಡ್ಡು ಕೊಟ್ಟವನು ಅದೇ ಊರಿನ ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡು ಕುಳಿತಿರುತ್ತಾನೆ.

ಈ ನೆಲದ ನಿರಾಕರಣೆ

ನಮ್ಮ ತಾಲ್ಲೂಕಿಗೆ ಈ ಪಾಠವನ್ನು ಗ್ರೀಸಿನಿಂದ ತರಿಸಿಕೊಳ್ಳುವ ಅಗತ್ಯವಿಲ್ಲ. ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಇರುವುದು ಇಲ್ಲಿಯೇ. ಅರಸನಿಗೆ ಒಲ್ಲೆ ಎಂದು ಹೊರಟವಳು ಆಕೆ. ಅವಳ ‘ಒಲ್ಲೆ’ ಯಾವ ಗಂಡಸನ್ನೂ ತಿದ್ದುವ ತಂತ್ರವಾಗಿರಲಿಲ್ಲ, ಅದು ಅವಳದೇ ಬದುಕಿನ ತೀರ್ಮಾನವಾಗಿತ್ತು. ಈಸೂರು ಇರುವುದೂ ಇದೇ ತಾಲ್ಲೂಕಿನಲ್ಲಿ. 1942ರಲ್ಲಿ ಈಸೂರಿನವರು ಸರಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದರು. ಅದೂ ಖಜಾನೆಗೆ ಹಾಕಿದ ಬೀಗವೇ. ಆದರೆ ಸಿಟ್ಟು ಕೈಮೀರಿ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರು ಇಬ್ಬರೂ ಹೆಣವಾದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಲಾಯಿತು. ಹೆಂಗಸರೂ ಜೈಲು ಸೇರಿದರು. ಈಸೂರನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕು. ಆದರೆ ಕೊಡುವುದಿಲ್ಲ ಎಂಬ ಮಾತಿನಲ್ಲಿ ಎಷ್ಟು ಬಲವಿತ್ತೋ, ರಕ್ತ ಹರಿದ ಮೇಲೆ ಆ ಊರಿನ ಹೆಂಗಸರು ತೆತ್ತ ಬೆಲೆಯೂ ಅಷ್ಟೇ ದೊಡ್ಡದಿತ್ತು ಎಂಬುದನ್ನೂ ನೆನೆಯಬೇಕು.

ಇತ್ತೀಚಿನ ನಿದರ್ಶನ ಬೇಕೆ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆಗ ಹಣಕಾಸು ಖಾತೆ ಇದ್ದದ್ದು ಶಿಕಾರಿಪುರದ ಶಾಸಕರೇ ಆಗಿದ್ದ ಯಡಿಯೂರಪ್ಪನವರ ಕೈಯಲ್ಲಿ. ಅದರ ಹಿಂದೆ ಹಳ್ಳಿ ಹಳ್ಳಿಯ ಹೆಂಗಸರ ಕೂಗಿತ್ತು. ಸಾರಾಯಿ ಹೋಯಿತು, ಅಗ್ಗದ ವಿಸ್ಕಿ, ರಮ್ಮು ಸಣ್ಣ ಪೊಟ್ಟಣಗಳಲ್ಲಿ ಅದೇ ಗೂಡಂಗಡಿಗೆ ಬಂದವು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು ಇನ್ನೂರು ಕಿಲೋಮೀಟರು ಕಾಲ್ನಡಿಗೆಯಲ್ಲಿ ಹೋದರು. ಅವರು ಹೊರಟದ್ದು ನೇರ ಖಜಾನೆಗೆ, ಯಾಕೆಂದರೆ ಅಬಕಾರಿ ಆದಾಯ ಬಿಡಲಾರೆವೆಂದು ಕುಳಿತಿದ್ದದ್ದು ಸರಕಾರ. ಕನ್ನಡದ ಲಿಸಿಸ್ಟ್ರಾಟ ನಡೆದದ್ದು ಆ ಹೆದ್ದಾರಿಯ ಮೇಲೆ. ಅದನ್ನು ಸಿನೆಮಾ ಮಾಡಲು ನಮ್ಮ ಯಾವ ದೊಡ್ಡ ನಿರ್ಮಾಪಕರೂ ಮುಂದೆ ಬಂದದ್ದನ್ನು ನಾವು ಕಾಣೆವು.

ನಮ್ಮ ಮನೆಯ ಮಾತು

ಬೇರೆಯವರಿಗೆ ಬುದ್ಧಿ ಹೇಳುವುದು ಸುಲಭ. ನಮ್ಮ ಸಮುದಾಯದ ಮಾತನ್ನೂ ಆಡಿಬಿಡುತ್ತೇವೆ. ಹಿಂದಿ ಸಿನೆಮಾದಲ್ಲಿ ‘ಭಾಯಿ’ ಎಂದರೆ ಟೋಪಿ, ಸುರುಮ, ಪಿಸ್ತೂಲು ಎಂದು ತೋರಿಸುವುದನ್ನು ಖಂಡಿಸುತ್ತೇವೆ. ಖಂಡಿಸಬೇಕು. ಆದರೆ ನಮ್ಮ ಓಣಿಯಲ್ಲೂ ನಾಲ್ಕು ಕೇಸು ಇರುವವನನ್ನು ಕಂಡರೆ ಎದ್ದು ಕುರ್ಚಿ ಕೊಡುವವರು ನಾವೇ ಅಲ್ಲವೇ? ಭಾಯಿ ಎಂದರೆ ಒಡಹುಟ್ಟಿದವನು. ಅಣ್ಣ ಎಂದರೂ ಅದೇ. ಎರಡೂ ಭಾಷೆಯ ಅತ್ಯಂತ ಮಮತೆಯ ಮಾತನ್ನು ರೌಡಿಗೆ ಬಿರುದಾಗಿ ಕೊಟ್ಟವರು ಯಾರು? ಉರೂಸಿನ ಫ್ಲೆಕ್ಸಿನಲ್ಲಿ, ಗಣಪತಿ ಪೆಂಡಾಲಿನಲ್ಲಿ, ಕ್ರಿಕೆಟ್ ಟೂರ್ನಮೆಂಟಿನ ಟ್ರೋಫಿಯಲ್ಲಿ ಅವನ ಹೆಸರು ದೊಡ್ಡದಾಗಿ ಇರುತ್ತದೆ. ಹಣ ಎಲ್ಲಿಂದ ಬಂತೆಂದು ಯಾವ ಕಮಿಟಿಯೂ ಕೇಳುವುದಿಲ್ಲ. ಕೊಲೆಯಾದಾಗ ಮಾತ್ರ ಸತ್ತವನ ಹೆಸರು ಯಾವುದು, ಕೊಂದವನ ಹೆಸರು ಯಾವುದು ಎಂದು ಕೇಳಿಕೊಂಡು, ಅದರ ಮೇಲೆ ದುಃಖವನ್ನೂ ಕೋಪವನ್ನೂ ಅಳೆದು ತೆಗೆಯುತ್ತೇವೆ.

ಆದ್ದರಿಂದ ನಮ್ಮ ಒತ್ತಾಯ ಹೆಂಗಸರಿಗಲ್ಲ, ಎಲ್ಲರಿಗೂ. ಮಸೀದಿ, ದೇವಸ್ಥಾನ, ಯುವಕ ಸಂಘಗಳ ಕಮಿಟಿಗಳು ಇಂಥವರ ಚಂದಾ ವಾಪಸು ಕೊಡಲಿ. ಫ್ಲೆಕ್ಸಿನಲ್ಲಿ ಅವರ ಫೋಟೊ ಬೇಡ. ಸಾಲ ವಸೂಲಿಗೆ, ಬಾಡಿಗೆದಾರರನ್ನು ಬಿಡಿಸಲಿಕ್ಕೆ, ಬೇಲಿ ತಕರಾರಿಗೆ ‘ಅಣ್ಣ’ನ ಹತ್ತಿರ ಹೋಗುವ ಮರ್ಯಾದಸ್ಥರು ಮೊದಲು ತಮ್ಮ ಮುಖ ನೋಡಿಕೊಳ್ಳಲಿ. ಮತ ಕೇಳಲು ಬಂದವರನ್ನು ನಿಮ್ಮ ಹಿಂದೆ ಬೈಕಿನಲ್ಲಿ ಬಂದವರು ಯಾರು ಎಂದು ಕೇಳೋಣ. ಮಚ್ಚಿನ ಸಿನೆಮಾವನ್ನು ನಿಷೇಧಿಸಿ ಎಂದು ನಾವು ಹೇಳುವುದಿಲ್ಲ. ನಿಷೇಧಿಸಿದರೆ ಅದಕ್ಕೆ ಇನ್ನಷ್ಟು ಬೆಲೆ ಬರುತ್ತದೆ. ಟಿಕೆಟ್ಟಿನ ಹಣ ನಮ್ಮ ಜೇಬಿನಲ್ಲಿದೆ. ಆ ಸಣ್ಣ ಖಜಾನೆಯ ಬೀಗದ ಕೈ ನಮ್ಮ ಹತ್ತಿರವೇ ಇದೆ. ಹೆಂಗಸರಿಗೆ ಗಂಡಸರನ್ನು ತಿದ್ದುವ ಕೆಲಸ ವಹಿಸುವ ಬದಲು, ಅವರ ‘ಇಲ್ಲ’ಕ್ಕೆ ಕಾನೂನಿನಲ್ಲಿ ಬೆಲೆ ಬರುವಂತೆ ಗಂಡಸರು ಬೀದಿಗಿಳಿಯಲಿ.

ಒಂದು ಎಚ್ಚರಿಕೆಯ ಮಾತೂ ಇರಲಿ. ಲಿಸಿಸ್ಟ್ರಾಟ ನಾಟಕದ ಕೊನೆಯಲ್ಲಿ ಶತ್ರುಗಳು ಒಟ್ಟಿಗೆ ಕುಣಿಯುತ್ತಾರೆ. ನಿಜವಾದ ಅಥೆನ್ಸಿನಲ್ಲಿ ಹಾಗಾಗಲಿಲ್ಲ. ನಾಟಕ ನೋಡಿ ನಕ್ಕವರು ಎದ್ದು ಹೋಗಿ ಮತ್ತೆ ಏಳು ವರ್ಷ ಯುದ್ಧ ಮಾಡಿದರು, ಕ್ರಿಸ್ತಪೂರ್ವ 404ರಲ್ಲಿ ಸೋತು ಶರಣಾದರು. ನಗೆ ಮಚ್ಚನ್ನು ಒಂದು ಗಳಿಗೆ ಬೆನ್ನ ಹಿಂದೆ ಅಡಗಿಸಬಲ್ಲದು, ಅಷ್ಟೇ. ಅಂಜನಾಪುರದ ಏರಿಯ ಮೇಲೆ ನಕ್ಕ ಆ ಹುಡುಗ ಮಚ್ಚನ್ನು ಅಜ್ಜಿಗೇನೂ ಕೊಡಲಿಲ್ಲ. ಬೈಕಿನ ಸೀಟಿನ ಕೆಳಗೆ ಇಟ್ಟುಕೊಂಡು ಹೋದ. ಅವನು ಎಲ್ಲಿಗೆ ಹೋದ, ಯಾರು ಅವನನ್ನು ಕಾಯುತ್ತಿದ್ದರು, ಅವನ ಪೆಟ್ರೋಲಿಗೆ ಯಾರು ದುಡ್ಡು ಕೊಟ್ಟರು ಎಂದು ಕೇಳುವುದು ಇನ್ನು ನಮ್ಮ ಕೆಲಸ.